ಗರ್ಭಕೋಶ ತೆಗೆಸಿದ ಮೇಲೆ ಹನ್ನೊಂದು ತಿಂಗಳಲ್ಲಿ ಎಂಟೂವರೆ ಕಿಲೋ: ಕಾರಣ ಎಲ್ಲಿದೆ?

ಬೆಣ್ಣೆದೋಸೆ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನನಗೀಗ 43 ವರ್ಷ. ಸಹಕಾರಿ ಬ್ಯಾಂಕೊಂದರಲ್ಲಿ ಕುಳಿತು ಮಾಡುವ ಕೆಲಸ. ಗರ್ಭಕೋಶದಲ್ಲಿ ಗಡ್ಡೆಗಳಾಗಿ, ತಿಂಗಳಿಗೆ ಹತ್ತು ಹನ್ನೆರಡು ದಿನ ರಕ್ತ ಹೋಗಿ, ಹಿಮೋಗ್ಲೋಬಿನ್ ಏಳಕ್ಕೆ ಇಳಿದ ಮೇಲೆ ಬೇರೆ ದಾರಿ ಕಾಣದೆ ಕಳೆದ ಶ್ರಾವಣದಲ್ಲಿ ಗರ್ಭಕೋಶ ತೆಗೆಸಿದೆ. ರಕ್ತಸ್ರಾವದ ಕಾಟ ತಪ್ಪಿತು, ಅದಕ್ಕೆ ಇವತ್ತಿಗೂ ಸಮಾಧಾನವಿದೆ. ಆದರೆ ಆಪರೇಷನ್ನಿಗೆ ಮೊದಲು 61 ಕಿಲೋ ಇದ್ದವಳು ಈಗ 69.5 ಕಿಲೋ ಆಗಿದ್ದೇನೆ. ಎತ್ತರ ಐದಡಿ ಒಂದಿಂಚು ಮಾತ್ರ.

ಮೈ ಬಂದಿರುವುದೂ ಒಂದೇ ಕಡೆ. ಕೈಕಾಲು ಮೊದಲಿನಂತೆಯೇ ಇವೆ, ಹೊಟ್ಟೆ ಮಾತ್ರ ಮುಂದೆ ಬಂದಿದೆ. ಲಂಗದ ಲಾಡಿಯನ್ನು ಮೊದಲು ಎರಡು ಸುತ್ತು ಹಾಕಿ ಗಂಟು ಹಾಕುತ್ತಿದ್ದೆ, ಈಗ ಒಂದೇ ಸುತ್ತು ಬಂದು ತುದಿ ಬೆರಳಿಗೆ ಸಿಕ್ಕುವುದೇ ಕಷ್ಟ, ಸಂಜೆ ಬಿಚ್ಚಿದಾಗ ಸೊಂಟದ ಸುತ್ತ ಕೆಂಪು ಗೆರೆ ಎದ್ದಿರುತ್ತದೆ. ರಾತ್ರಿ ಎರಡು ಗಂಟೆಗೆ ಮೈಗೆ ಬೆಂಕಿ ಹಚ್ಚಿದಂತಾಗಿ ಎಚ್ಚರವಾಗುತ್ತದೆ, ಕುತ್ತಿಗೆ ಬೆವರುತ್ತದೆ, ಐದು ನಿಮಿಷಕ್ಕೆ ಚಳಿ ಹಿಡಿಯುತ್ತದೆ; ಆಮೇಲೆ ನಿದ್ದೆ ಬರುವುದಿಲ್ಲ.

ಊಟ ಹೆಚ್ಚು ಮಾಡಿದ್ದೇನೆ ಎಂದು ನನಗನ್ನಿಸುವುದಿಲ್ಲ. ರಾತ್ರಿ ಅನ್ನ ಬಿಟ್ಟು ಎರಡು ತಿಂಗಳಾಯಿತು, ತೂಕ ಅರ್ಧ ಕಿಲೋ ಕೂಡ ಇಳಿದಿಲ್ಲ. "ಗರ್ಭಕೋಶ ತೆಗೆಸಿದವರು ದಪ್ಪ ಆಗೇ ಆಗುತ್ತಾರೆ, ಸುಮ್ಮನೆ ಚಿಂತೆ ಮಾಡಬೇಡ" ಎಂದು ಓರಗಿತ್ತಿ ಹೇಳುತ್ತಾರೆ. ಅದು ನಿಜವೇ? ನಿಜವಾದರೆ ತಡೆಯುವ ದಾರಿ ಇದೆಯೇ? ಅನುಭವ ಇದ್ದವರು ದಯವಿಟ್ಟು ವಿವರವಾಗಿ ತಿಳಿಸಿ.

—

ಹುಬ್ಬಳ್ಳಿ ಅಕ್ಕ

ತಂಗಿ, ನಾನು ಚೀಲ ತೆಗೆಸಿ ಒಂಬತ್ತು ವರ್ಷವಾಯಿತು. ನನ್ನ ತೂಕವೂ ಮೊದಲ ವರ್ಷವೇ ಏಳು ಕಿಲೋ ಏರಿತ್ತು. ನಾನೂ ನಿಮ್ಮಂತೆಯೇ ಎಲ್ಲವನ್ನೂ ಆ ಚೀಲದ ತಲೆಗೆ ಕಟ್ಟಿದ್ದೆ. ಬಹಳ ದಿನಗಳ ಮೇಲೆ ಸಮಾಧಾನದಿಂದ ಕುಳಿತು ಯೋಚಿಸಿದಾಗ ನನಗೆ ಹೊಳೆದದ್ದು ಬೇರೆಯೇ.

ನಮ್ಮ ಮನೆಗಳಲ್ಲಿ ಹೊಟ್ಟೆ ಕೊಯ್ಯಿಸಿಕೊಂಡು ಬಂದ ಹೆಣ್ಣಿಗೆ ಮಾಡುವುದು ಬಾಣಂತನ. ಕೂಸು ಇಲ್ಲ ಎನ್ನುವುದನ್ನು ಬಿಟ್ಟರೆ ಉಳಿದದ್ದೆಲ್ಲ ಹಾಗೆಯೇ. ತಾಯಿ ಬಂದು ಮೂರು ತಿಂಗಳು ನಿಂತರು. ಅಂಟು, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ, ತುಪ್ಪ ಹಾಕಿದ ಅಂಟಿನುಂಡಿ ಬೆಳಿಗ್ಗೆ ಒಂದು, ಸಂಜೆ ಒಂದು. ಲಿಂಬೆಹಣ್ಣಿನ ಗಾತ್ರದ ಒಂದು ಉಂಡಿಯಲ್ಲಿ ಇನ್ನೂರು ಕ್ಯಾಲೊರಿಗೆ ಕಡಿಮೆಯಿರುವುದಿಲ್ಲ ಎಂದು ಆಗ ನನಗೆ ಯಾರೂ ಹೇಳಲಿಲ್ಲ. ಅನ್ನಕ್ಕೆ ತುಪ್ಪ, ರೊಟ್ಟಿಗೆ ಬೆಣ್ಣೆ, ಮಲಗುವಾಗ ಕೆನೆ ಹಾಲು. ನೆಲಕ್ಕೆ ಕಾಲಿಡಲು ಬಿಡಲಿಲ್ಲ, "ಹೊಲಿಗೆ ಬಿಟ್ಟೀತು" ಎಂಬ ಭಯ. ಕೂಸಿಗೆ ಹಾಲೂಡಿಸುವ ಬಾಣಂತಿಗೆ ದಿನಕ್ಕೆ ಐನೂರು ಕ್ಯಾಲೊರಿ ಹೆಚ್ಚು ಬೇಕಾಗುತ್ತದೆ, ಅವಳ ತುಪ್ಪಕ್ಕೆ ಒಂದು ಲೆಕ್ಕವಿದೆ. ನನ್ನ ತುಪ್ಪಕ್ಕೆ ಯಾವ ಲೆಕ್ಕ?

ತಾಯಿಯ ಪ್ರೀತಿಯನ್ನು ನಾನು ದೂರುತ್ತಿಲ್ಲ. ಬಾಣಂತನಕ್ಕೆ ಮುಗಿಯುವ ದಿನವೆಂದು ಒಂದಿರುತ್ತದೆ, ನಾಮಕರಣವಾಗುತ್ತದೆ, ತೊಟ್ಟಿಲು ಹೊತ್ತು ಗಂಡನ ಮನೆಗೆ ಹೋಗುತ್ತೇವೆ. ಈ ಆರೈಕೆಗೆ ಅಂಥ ದಿನವನ್ನು ಯಾರೂ ಗೊತ್ತು ಮಾಡಿಲ್ಲ. ತಾಯಿ ಊರಿಗೆ ಹೋದ ಮೇಲೂ ಸಂಜೆಯ ಉಂಡಿ ನಿಲ್ಲಲಿಲ್ಲ, ಕೆಲಸದವಳನ್ನೂ ಬಿಡಿಸಲಿಲ್ಲ. ನಿಮ್ಮ ಮನೆಯಲ್ಲಿ ಆ ಮೂರು ತಿಂಗಳು ಹೇಗೆ ನಡೆಯಿತು, ಮತ್ತು ಅದರಲ್ಲಿ ಯಾವುದು ಇನ್ನೂ ನಿಂತಿಲ್ಲ, ಮೊದಲು ಅದನ್ನು ನೋಡಿಕೊಳ್ಳಿ.

—

ಹಳೇ ವಾರ್ಡು (ನಿವೃತ್ತ ಶುಶ್ರೂಷಕಿ, ಶಿವಮೊಗ್ಗ)

ಹುಬ್ಬಳ್ಳಿ ಅಕ್ಕನವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಆದರೆ ರಾತ್ರಿ ಬೆವರುವುದು, ಬೆಂಕಿ ಬಂದಂತಾಗುವುದು ಎಂದು ಬೆಣ್ಣೆದೋಸೆಯವರು ಬರೆದಿದ್ದಾರಲ್ಲ, ಅದು ಉಂಡಿಯಿಂದ ಬರುವಂಥದ್ದಲ್ಲ. ಇಪ್ಪತ್ತೆಂಟು ವರ್ಷ ಸ್ತ್ರೀರೋಗ ವಾರ್ಡಿನಲ್ಲಿ ಇದ್ದವಳಾಗಿ ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ನಿಮ್ಮ ಅಂಡಾಶಯಗಳನ್ನು ಉಳಿಸಿದ್ದಾರೋ, ತೆಗೆದಿದ್ದಾರೋ?

ಗರ್ಭಕೋಶಕ್ಕೂ ಹಾರ್ಮೋನಿಗೂ ಇರುವ ಸಂಬಂಧ ಜನ ತಿಳಿದಷ್ಟು ನೇರವಲ್ಲ. ಹೆಣ್ಣಿನ ಮುಖ್ಯ ಹಾರ್ಮೋನಾದ ಈಸ್ಟ್ರೋಜನ್ ತಯಾರಾಗುವುದು ಮುಖ್ಯವಾಗಿ ಅಂಡಾಶಯದಲ್ಲಿ. ಗರ್ಭಕೋಶ ಅದರ ಅಪ್ಪಣೆ ಪಾಲಿಸುವ ಅಂಗ ಅಷ್ಟೇ. ಸಹಜವಾಗಿ ಮುಟ್ಟು ನಿಲ್ಲುವವರಲ್ಲಿ ಈಸ್ಟ್ರೋಜನ್ ಹಲವು ವರ್ಷಗಳಲ್ಲಿ ಏರಿಳಿಯುತ್ತ ಕೆಳಗಿಳಿಯುವುದರಿಂದ ದೇಹಕ್ಕೆ ಹೊಂದಿಕೊಳ್ಳಲು ಸಮಯ ಸಿಗುತ್ತದೆ. ಎರಡೂ ಅಂಡಾಶಯಗಳನ್ನು ತೆಗೆದವರಲ್ಲಿ ಅದೇ ಇಳಿತ ಒಂದೆರಡು ದಿನಗಳಲ್ಲಿ ಆಗಿಬಿಡುತ್ತದೆ. ಮೆಟ್ಟಿಲಿಳಿಯುವುದಕ್ಕೂ ಮಾಳಿಗೆಯಿಂದ ಬೀಳುವುದಕ್ಕೂ ಇರುವಷ್ಟು ವ್ಯತ್ಯಾಸ ಅದು. ಅಂಡಾಶಯ ಉಳಿಸಿದರೂ, ಅದಕ್ಕೆ ಹೋಗುವ ರಕ್ತದ ಒಂದು ಪಾಲು ಗರ್ಭಕೋಶದ ಕಡೆಯಿಂದಲೇ ಬರುವ ಕಾರಣ, ಕೆಲವರಲ್ಲಿ ಅದು ನಿಗದಿತ ಕಾಲಕ್ಕಿಂತ ಒಂದೆರಡು ವರ್ಷ ಮುಂಚೆ ಸೋಲುವುದುಂಟು. ಮುಟ್ಟೇ ಇಲ್ಲದಿರುವುದರಿಂದ ಅವರಿಗೆ ಅದು ಗೊತ್ತೇ ಆಗುವುದಿಲ್ಲ.

ಈಸ್ಟ್ರೋಜನ್ ಇಳಿದರೆ ತೂಕ ಅದರಷ್ಟಕ್ಕೆ ಎಂಟು ಕಿಲೋ ಏರುತ್ತದೆ ಎಂದು ಹೇಳಲಾಗದು. ನಲವತ್ತೈದರ ಆಸುಪಾಸಿನ ಹೆಂಗಸರು, ಆಪರೇಷನ್ ಆಗಲಿ ಆಗದಿರಲಿ, ಸರಾಸರಿ ವರ್ಷಕ್ಕೆ ಅರ್ಧ ಕಿಲೋದಷ್ಟು ಏರುತ್ತಾರೆ. ಈಸ್ಟ್ರೋಜನ್ ಕೊರತೆ ಮುಖ್ಯವಾಗಿ ಮಾಡುವುದು ಜಾಗ ಬದಲಾವಣೆ: ತೊಡೆ, ನಿತಂಬಗಳಲ್ಲಿ ಸೇರುತ್ತಿದ್ದ ಕೊಬ್ಬು ಹೊಟ್ಟೆಯೊಳಗೆ, ಕರುಳು ಯಕೃತ್ತುಗಳ ಸುತ್ತ ಸೇರತೊಡಗುತ್ತದೆ. ನಿಮ್ಮ ಲಂಗದ ಲಾಡಿ ಹೇಳುತ್ತಿರುವುದು ಅದನ್ನೇ. ಜೊತೆಗೆ ಸ್ನಾಯು ಕರಗುತ್ತದೆ, ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟವರಿಗೆ ಮರುದಿನ ಹಸಿವು ಹೆಚ್ಚು.

ಆದ್ದರಿಂದ ಡಿಸ್ಚಾರ್ಜ್ ಪತ್ರವನ್ನು ತೆಗೆದು ಓದಿ. "ಟಿಎಎಚ್" ಎಂದಷ್ಟೇ ಇದ್ದರೆ ಹೊಟ್ಟೆ ಕೊಯ್ದು ಗರ್ಭಕೋಶ ತೆಗೆದಿದ್ದಾರೆ ಎಂದರ್ಥ. ಅದರ ಮುಂದೆ "ಬಿಎಸ್‌ಒ" ಎಂದಿದ್ದರೆ ಎರಡೂ ಕಡೆಯ ಗರ್ಭನಾಳ ಮತ್ತು ಅಂಡಾಶಯಗಳೂ ಹೋಗಿವೆ. ಪತ್ರದಲ್ಲಿ ಸ್ಪಷ್ಟವಿಲ್ಲದಿದ್ದರೆ ಬಯಾಪ್ಸಿ ವರದಿಯನ್ನು ನೋಡಿ; ಪ್ರಯೋಗಾಲಯಕ್ಕೆ ಏನೇನು ಬಂತು ಎಂಬುದನ್ನು ಅವರು ಒಂದೊಂದಾಗಿ ಅಳತೆ ಸಮೇತ ಬರೆದಿರುತ್ತಾರೆ.

—

ನೇರನುಡಿ

ಇಷ್ಟೆಲ್ಲ ಪಾಂಡಿತ್ಯ ಬೇಡ. ನಮ್ಮ ಅಜ್ಜಿಯರಿಗೂ ಮುಟ್ಟು ನಿಲ್ಲುತ್ತಿತ್ತು, ಅವರು ಯಾರೂ ದಪ್ಪವಾಗಲಿಲ್ಲ. ಬಾಯಿ ಕಟ್ಟಿದರೆ ತೂಕ ತಾನಾಗಿಯೇ ಇಳಿಯುತ್ತದೆ.

—

ಬೆಣ್ಣೆದೋಸೆ

ಪತ್ರ ತೆಗೆದು ಓದಿದೆ. ಬೀರುವಿನಲ್ಲಿ ಸೀರೆಗಳ ಕೆಳಗೆ, ಬಿಲ್ಲಿನ ಜೊತೆ ಪಿನ್ ಹೊಡೆದು ಇಟ್ಟಿದ್ದ ಕಡತ. ಹನ್ನೊಂದು ತಿಂಗಳಲ್ಲಿ ಅದನ್ನು ನಾನು ತೆರೆದದ್ದು ವಿಮೆಯ ಹಣಕ್ಕೆ ಅರ್ಜಿ ಹಾಕುವಾಗ ಒಮ್ಮೆ ಮಾತ್ರ, ಆಗಲೂ ನೋಡಿದ್ದು ಮೊತ್ತವನ್ನು. ಎರಡನೆಯ ಪುಟದಲ್ಲಿ "ಟಿಎಎಚ್ ವಿತ್ ಬಿಎಸ್‌ಒ" ಎಂದು ಬರೆದಿದೆ. ಬಯಾಪ್ಸಿ ವರದಿಯಲ್ಲಿ ಎಡ ಅಂಡಾಶಯ ಮೂರು ಸೆಂಟಿಮೀಟರ್, ಬಲ ಅಂಡಾಶಯ ಎರಡೂವರೆ ಸೆಂಟಿಮೀಟರ್, ಎರಡೂ ಸಹಜ ಎಂದಿದೆ.

ಸಹಜವಾಗಿದ್ದ ಅಂಗಗಳನ್ನು ತೆಗೆದದ್ದು ಏಕೆ ಎಂದು ಮನೆಯವರನ್ನು ಕೇಳಿದೆ. ಆಪರೇಷನ್ನಿನ ಹಿಂದಿನ ರಾತ್ರಿ ಸಹಿ ಹಾಕಿದವರು ಅವರು. "ಎಲ್ಲ ಕ್ಲೀನ್ ಮಾಡಿಬಿಡುತ್ತೇವೆ, ಬಿಟ್ಟರೆ ಮುಂದೆ ಕ್ಯಾನ್ಸರ್ ಆಗಬಹುದು ಎಂದರು, ನಾನು ಹೂಂ ಎಂದೆ" ಎಂದರು. ಅವರ ಮೇಲೆ ಸಿಟ್ಟು ಬರಲಿಲ್ಲ, ಅವರಿಗೂ ಏನು ಗೊತ್ತು? ಆದರೆ ನನ್ನ ದೇಹದೊಳಗಿನ ಎರಡು ಅಂಗಗಳು ಹೋಗಿರುವ ವಿಷಯ ಸಾಲದ ಕಡತ ನೋಡಿದಂತೆ ಕಾಗದ ನೋಡಿ ತಿಳಿಯಬೇಕಾಯಿತಲ್ಲ ಎಂದು ಆ ರಾತ್ರಿಯೆಲ್ಲ ಕುಳಿತಿದ್ದೆ. ಬಿಡುಗಡೆಯ ದಿನ ಕೊಟ್ಟದ್ದು ಕ್ಯಾಲ್ಸಿಯಂ ಮಾತ್ರೆ ಮಾತ್ರ. ಹಾರ್ಮೋನ್ ಎಂಬ ಶಬ್ದವನ್ನೇ ಯಾರೂ ಎತ್ತಲಿಲ್ಲ.

ನೇರನುಡಿಯವರೇ, ಬಾಯಿ ಕಟ್ಟಿ ಎರಡು ತಿಂಗಳಾಯಿತು ಎಂದು ಮೊದಲೇ ಬರೆದಿದ್ದೆ.

—

ಹಳೇ ವಾರ್ಡು

ತಾಯಿ, ನಿಮ್ಮ ಮನಸ್ಸಿಗೆ ಆಗಿರುವುದು ನನಗೆ ಅರ್ಥವಾಗುತ್ತದೆ. ಮನೆತನದಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇದ್ದವರಲ್ಲಿ, ಅಂಡಾಶಯದಲ್ಲಿಯೇ ರೋಗವಿದ್ದವರಲ್ಲಿ ತೆಗೆಯಲು ಬಲವಾದ ಕಾರಣವಿರುತ್ತದೆ. ಅಂಥದ್ದೇನೂ ಇಲ್ಲದ, ಮುಟ್ಟು ನಿಲ್ಲುವ ವಯಸ್ಸಿಗೆ ಬಾರದ ಹೆಂಗಸಿನಲ್ಲಿ ಸಾಮಾನ್ಯವಾಗಿ ಉಳಿಸಬೇಕು ಎಂಬುದೇ ಈಗಿನ ವೈದ್ಯಕೀಯ ಸಲಹೆ, ಏಕೆಂದರೆ ಬೇಗ ಈಸ್ಟ್ರೋಜನ್ ಕಳೆದುಕೊಂಡವರಿಗೆ ಮೂಳೆ ಸವೆತ ಮತ್ತು ಹೃದ್ರೋಗದ ಅಪಾಯ ಹೆಚ್ಚು. ಆದದ್ದು ಆಗಿಹೋಯಿತು, ಈಗ ಮಾಡಬೇಕಾದದ್ದು ಬಹಳ ಇದೆ.

ಮೊದಲನೆಯದಾಗಿ ಹಾರ್ಮೋನ್ ಬದಲಿ ಚಿಕಿತ್ಸೆಯ ಕುರಿತು ಸ್ತ್ರೀರೋಗ ತಜ್ಞರೊಬ್ಬರ ಬಳಿ ಸಮಯ ತೆಗೆದುಕೊಂಡು ಮಾತನಾಡಿ. ನಮ್ಮಲ್ಲಿ ಈ ಚಿಕಿತ್ಸೆ ಎಂದ ಕೂಡಲೇ ಕ್ಯಾನ್ಸರ್ ಎಂದು ಹೆದರುತ್ತಾರೆ. ಆ ಹೆದರಿಕೆ ಹುಟ್ಟಿದ್ದು 2002ರಲ್ಲಿ, ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ (ಪ್ರೊಜೆಸ್ಟರಾನ್ ಹಾರ್ಮೋನಿನಂತೆ ಕೆಲಸ ಮಾಡುವ ಔಷಧ) ಎರಡನ್ನೂ ಕೂಡಿಸಿ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಿದ್ದು ಕಂಡಾಗ. ಅದೇ ಅಧ್ಯಯನದ ಇನ್ನೊಂದು ಭಾಗದಲ್ಲಿ ಗರ್ಭಕೋಶವಿಲ್ಲದ, ಈಸ್ಟ್ರೋಜನ್ ಒಂದನ್ನೇ ತೆಗೆದುಕೊಂಡ ಹೆಂಗಸರಿದ್ದರು. 2004ರಲ್ಲಿ ಅದನ್ನು ನಿಲ್ಲಿಸಿದಾಗ ಪಾರ್ಶ್ವವಾಯುವಿನ ಅಪಾಯ ಹೆಚ್ಚಿದ್ದು ಕಂಡಿತೇ ಹೊರತು ಸ್ತನ ಕ್ಯಾನ್ಸರ್ ಹೆಚ್ಚಿರಲಿಲ್ಲ. ಅವರಲ್ಲಿ ಬಹುಪಾಲು ಜನ ನಿಮಗಿಂತ ಬಹಳ ಹಿರಿಯರು ಎಂಬುದನ್ನೂ ಮರೆಯಬಾರದು. ಪ್ರೊಜೆಸ್ಟಿನ್ ಕೊಡುವುದು ಗರ್ಭಕೋಶದ ಒಳಪದರವನ್ನು ಕಾಯಲು, ಆದ್ದರಿಂದ ನಿಮ್ಮಂಥವರಿಗೆ ಸಾಮಾನ್ಯವಾಗಿ ಈಸ್ಟ್ರೋಜನ್ ಒಂದೇ ಸಾಕು. ಸ್ತನ ಕ್ಯಾನ್ಸರ್ ಆಗಿದ್ದವರು, ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದವರು, ಪಾರ್ಶ್ವವಾಯು ಬಡಿದವರು, ಯಕೃತ್ತಿನ ರೋಗವಿರುವವರು ಇದನ್ನು ತೆಗೆದುಕೊಳ್ಳುವಂತಿಲ್ಲ. ಚರ್ಮಕ್ಕೆ ಹಚ್ಚುವ ಜೆಲ್‌ನಲ್ಲಿ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಕಡಿಮೆ.

ಇದು ತೂಕ ಇಳಿಸುವ ಔಷಧವೆಂದು ತಿಳಿಯಬೇಡಿ. ತೂಕ ಏರಿಸುವ ಔಷಧವೂ ಅಲ್ಲ. ನಿದ್ದೆ ಮರಳುತ್ತದೆ, ಮೂಳೆ ಉಳಿಯುತ್ತದೆ. ನಿದ್ದೆ ಮರಳಿದವರಿಗೆ ನಡೆಯುವ ಶಕ್ತಿ ಬರುತ್ತದೆ.

ಹಾಗೆಯೇ ಥೈರಾಯ್ಡಿನ ಟಿಎಸ್‌ಎಚ್ ಪರೀಕ್ಷೆ, ಮೂರು ತಿಂಗಳ ಸಕ್ಕರೆ ಸರಾಸರಿ, ಕೊಲೆಸ್ಟ್ರಾಲ್, ವಿಟಮಿನ್ ಡಿ ಮತ್ತು ಬಿ12 ನೋಡಿಸಿ. ನಮ್ಮ ವಾರ್ಡಿಗೆ "ಆಪರೇಷನ್ ಆದ ಮೇಲೆ ದಪ್ಪವಾದೆ" ಎಂದು ಬಂದವರಲ್ಲಿ ಎಷ್ಟೋ ಜನರ ಗುಟ್ಟು ಥೈರಾಯ್ಡಿನಲ್ಲಿ ಇರುತ್ತಿತ್ತು. ಇನ್ಸುಲಿನ್, ಸ್ಟೀರಾಯ್ಡ್, ನರದ ನೋವಿಗೆ ಕೊಡುವ ಕೆಲವು ಮಾತ್ರೆ, ಖಿನ್ನತೆಗೆ ಕೊಡುವ ಕೆಲವು ಮಾತ್ರೆ ಇವೂ ತೂಕ ಏರಿಸುತ್ತವೆ. ನೀವು ನುಂಗುತ್ತಿರುವುದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಹೋಗಿ.

—

ಲೆಕ್ಕದ ಪುಸ್ತಕ (ಮೈಸೂರು)

ಹಾರ್ಮೋನಿನ ವಿಷಯವನ್ನು ಹಳೇ ವಾರ್ಡಿನವರಿಗೆ ಬಿಟ್ಟು ನಾನು ಅಡುಗೆಮನೆಗೆ ಬರುತ್ತೇನೆ. ಏಳು ವರ್ಷದ ಹಿಂದೆ ನನಗೂ ಇದೇ ಆಪರೇಷನ್ ಆಯಿತು, ಅಂಡಾಶಯ ಉಳಿದಿವೆ. "ನಾನು ಹೆಚ್ಚು ತಿನ್ನುವುದೇ ಇಲ್ಲ" ಎಂದು ನಾನೂ ಪ್ರಮಾಣ ಮಾಡಿ ಹೇಳುತ್ತಿದ್ದೆ, ಸುಳ್ಳು ಹೇಳುತ್ತಿರಲಿಲ್ಲ, ಅಳೆದಿರಲಿಲ್ಲ ಅಷ್ಟೇ.

ಮೊದಲು ಅಳೆದದ್ದು ಎಣ್ಣೆ. ಮೂರು ಜನರ ಮನೆಗೆ ತಿಂಗಳಿಗೆ ಐದು ಲೀಟರಿನ ಒಂದು ಕ್ಯಾನು ಖಾಲಿಯಾಗುತ್ತಿತ್ತು. ಭಾಗಿಸಿ ನೋಡಿದರೆ ದಿನಕ್ಕೆ ತಲೆಗೆ 55 ಮಿಲಿಲೀಟರ್, ಎಂದರೆ ಸುಮಾರು 50 ಗ್ರಾಂ, 450 ಕ್ಯಾಲೊರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ 2,000 ಕ್ಯಾಲೊರಿಯ ದಿನದ ತಟ್ಟೆಗೆ ಎಣ್ಣೆ ತುಪ್ಪ ಎಲ್ಲ ಸೇರಿ 27 ಗ್ರಾಂ ಎಂದಿದೆ. ಹೆಚ್ಚುವರಿ 23 ಗ್ರಾಂ ಎಂದರೆ ದಿನಕ್ಕೆ ಇನ್ನೂರು ಕ್ಯಾಲೊರಿ ದಾಟಿತು. ಐದು ವಾರಕ್ಕೆ ಅದು ಒಂದು ಕಿಲೋ ಕೊಬ್ಬಿಗೆ ಸಮ. ದೇಹ ಇಷ್ಟು ಕಟ್ಟುನಿಟ್ಟಾಗಿ ಲೆಕ್ಕ ಇಡುವುದಿಲ್ಲ ನಿಜ, ಆದರೆ ನನ್ನ ಮನೆಯಲ್ಲಿ ತೂಕ ಏರಿದ ದಾರಿ ಮಾತ್ರ ಅಲ್ಲಿಯೇ ಕಂಡಿತು. ಒಗ್ಗರಣೆಗೆ ಬಾಟಲಿಯಿಂದ ಸುರಿಯುವುದನ್ನು ನಿಲ್ಲಿಸಿ ಚಮಚದಿಂದ ಹಾಕತೊಡಗಿದೆ, ಈಗ ಕ್ಯಾನು ಐವತ್ತು ದಿನ ಬರುತ್ತದೆ. ಗಂಡನಿಗೆ ರುಚಿಯಲ್ಲಿ ವ್ಯತ್ಯಾಸ ತಿಳಿದದ್ದು ಬದನೆಕಾಯಿ ಎಣ್ಣೆಗಾಯಿಯಲ್ಲಿ ಮಾತ್ರ. ಅದನ್ನು ತಿಂಗಳಿಗೊಮ್ಮೆ ಮೊದಲಿನಂತೆಯೇ ಮಾಡುತ್ತೇನೆ.

ಎರಡನೆಯದು ಕಾಫಿ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ: 40 ಗ್ರಾಂ. ಬೇರೇನೂ ಸಿಹಿ ಮುಟ್ಟದ ದಿನವೂ 160 ಕ್ಯಾಲೊರಿ ಅಲ್ಲಿಯೇ ಹೋಯಿತು. ರಾತ್ರಿ ಎದ್ದು ಕುಳಿತಾಗ ಬೆಣ್ಣೆದೋಸೆಯವರು ಏನು ಕುಡಿಯುತ್ತಾರೆ ಎಂಬುದನ್ನು ಅವರೇ ಹೇಳಬೇಕು.

ರಾತ್ರಿ ಅನ್ನ ಬಿಟ್ಟೆ ಎಂದಿರಿ. ಅದರ ಬದಲು ಏನು ತಿನ್ನುತ್ತೀರಿ? ಎರಡು ಚಪಾತಿ, ಪಲ್ಯ ಎಂದರೆ ಅನ್ನದಷ್ಟೇ ಆಯಿತು. ಕಡಿಮೆಯಾಗಬೇಕಾದದ್ದು ಧಾನ್ಯ, ಆದರೆ ಅದರ ಜಾಗದಲ್ಲಿ ಬೇಳೆಕಾಳು ಬಂದರೆ ಮಾತ್ರ ಪ್ರಯೋಜನ. ಆ ಮಾರ್ಗಸೂಚಿಯ ತಟ್ಟೆಯಲ್ಲಿ ಬೇಳೆಕಾಳು ದಿನಕ್ಕೆ 85 ಗ್ರಾಂ ಎಂದಿದೆ. ನಮ್ಮ ಸಾರಿನಲ್ಲಿ ಒಬ್ಬರ ಪಾಲಿಗೆ ಬರುವ ತೊಗರಿಬೇಳೆ ಒಂದು ಹಿಡಿಯೂ ಅಲ್ಲ. ತಿಳಿ ಮೇಲಿನದ್ದು ನಮಗೆ, ಗಟ್ಟಿ ತಳದ್ದು ಮಕ್ಕಳಿಗೆ ಎಂದು ಬಡಿಸಿಯೇ ಅಭ್ಯಾಸ. ಊಟ ಕಡಿಮೆ ಮಾಡಿ ಪ್ರೋಟೀನನ್ನೂ ಕಡಿಮೆ ಮಾಡಿದರೆ ಮೊದಲು ಕರಗುವುದರಲ್ಲಿ ಸ್ನಾಯುವೂ ಸೇರಿರುತ್ತದೆ. ನೇರನುಡಿಯವರು ಹೇಳಿದ ಬಾಯಿ ಕಟ್ಟುವ ವಿಧಾನದ ದೋಷ ಇದೇ. ಅಜ್ಜಿಯರು ದಪ್ಪವಾಗಲಿಲ್ಲ, ನಿಜ, ಆದರೆ ಅವರು ರುಬ್ಬುಗುಂಡು ತಿರುಗಿಸುತ್ತಿದ್ದರು, ಬಾವಿಯಿಂದ ನೀರು ಸೇದುತ್ತಿದ್ದರು. ಬೆನ್ನು ಬಾಗಿದ ಅಜ್ಜಿಯರನ್ನೂ ನಾವು ನೋಡಿದ್ದೇವೆ, ಆ ಬಾಗು ಮೂಳೆ ಸವೆತದ್ದು ಎಂದು ಆಗ ಯಾರಿಗೂ ತಿಳಿದಿರಲಿಲ್ಲ.

—

ಉಪ್ಸಾರು (ಮಂಡ್ಯ)

ಒಂದು ಸಂಶಯ. ನನಗೆ ಆಪರೇಷನ್ ಆಗಿ ಐದು ತಿಂಗಳಾಗಿದೆ. ಅನ್ನ ಪೂರ್ತಿ ಬಿಟ್ಟು ಮೂರು ಹೊತ್ತೂ ಮುದ್ದೆ ತಿನ್ನುತ್ತಿದ್ದೇನೆ, ರಾಗಿ ತಿಂದರೆ ತೂಕ ಇಳಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆದರೂ ಇಳಿಯುತ್ತಿಲ್ಲ. ಜೀರಿಗೆ ಮೆಂತ್ಯದ ಕಷಾಯವನ್ನೂ ಕುಡಿಯುತ್ತಿದ್ದೇನೆ.

—

ಲೆಕ್ಕದ ಪುಸ್ತಕ

ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 355 ಕ್ಯಾಲೊರಿ, ನೂರು ಗ್ರಾಂ ರಾಗಿಯಲ್ಲಿ 320. ವ್ಯತ್ಯಾಸ ಅಷ್ಟೇ. ರಾಗಿಯ ದೊಡ್ಡ ಗುಣ ಬೇರೆ: ನೂರು ಗ್ರಾಂನಲ್ಲಿ 360 ಮಿಲಿಗ್ರಾಂ ಹತ್ತಿರ ಕ್ಯಾಲ್ಸಿಯಂ ಇದೆ, ನಾರು ಇದೆ, ಬೇಗ ಹಸಿವಾಗುವುದಿಲ್ಲ. ನಮ್ಮಂಥವರ ಮೂಳೆಗೆ ಅದು ಬೇಕೇ ಬೇಕು. ಆದರೆ ಪ್ರೋಟೀನು ನೂರಕ್ಕೆ ಏಳು ಮಾತ್ರ. ಮುದ್ದೆಯನ್ನು ಬಿಡಬೇಡಿ, ಗಾತ್ರವನ್ನು ಕಿರಿದು ಮಾಡಿ, ಉಪ್ಸಾರಿನ ಬದಲು ಮೊಳಕೆ ಕಟ್ಟಿದ ಹುರುಳಿಕಾಳಿನ ಸಾರು ಮಾಡಿ ಕಾಳನ್ನು ಕೈತುಂಬ ಹಾಕಿಕೊಳ್ಳಿ. ಒಣ ಹುರುಳಿಯಲ್ಲಿ ನೂರಕ್ಕೆ ಇಪ್ಪತ್ತೆರಡರಷ್ಟು ಪ್ರೋಟೀನಿದೆ. ಮೊಟ್ಟೆ ತಿನ್ನುವವರಾದರೆ ಒಂದಕ್ಕೆ ಆರು ಗ್ರಾಂ. ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನು ಏರಿಸಬೇಡಿ. ಕಷಾಯದಿಂದ ಹಾನಿಯಿಲ್ಲ, ಕೊಬ್ಬು ಕರಗುವುದೂ ಇಲ್ಲ. ಹಾರ್ಮೋನ್ ಸರಿಪಡಿಸುತ್ತದೆ ಎಂದು ಮಾರುವ ಪುಡಿಗಳಿಗೆ ದುಡ್ಡು ಕೊಡುವ ಬದಲು ಅದೇ ದುಡ್ಡಿಗೆ ಕಾಳು ತನ್ನಿ.

—

ಥೇಮ್ಸ್ ದಂಡೆ (ರೀಡಿಂಗ್, ಇಂಗ್ಲೆಂಡ್)

ನಾನು ಮೂಲತಃ ಹಾಸನದವಳು. ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಕಾಯಿಲೆ) ಕಾರಣದಿಂದ 41ರಲ್ಲಿ ಗರ್ಭಕೋಶ ಮತ್ತು ಅಂಡಾಶಯ ಎರಡೂ ಹೋದವು. ಇಲ್ಲಿ ಶಸ್ತ್ರಚಿಕಿತ್ಸೆಗೆ ಮೊದಲೇ ಹಾರ್ಮೋನಿನ ಕುರಿತು ಕೂರಿಸಿಕೊಂಡು ಹೇಳಿದ್ದರಿಂದ ಬೆಣ್ಣೆದೋಸೆಯವರಿಗಾದ ಆಘಾತ ನನಗಾಗಲಿಲ್ಲ. 2023ರ ಏಪ್ರಿಲ್‌ನಿಂದ ಎರಡು ಔಷಧ ಚೀಟಿಗಳ ಶುಲ್ಕವನ್ನು ಒಮ್ಮೆ ಕಟ್ಟಿದರೆ ವರ್ಷವಿಡೀ ಈ ಹಾರ್ಮೋನ್ ಔಷಧಗಳು ಸಿಗುತ್ತವೆ. ವಾರಕ್ಕೆ ಎರಡು ಬಾರಿ ಸೊಂಟದ ಕೆಳಗೆ ಈಸ್ಟ್ರೋಜನ್ ಪಟ್ಟಿ ಅಂಟಿಸಿಕೊಳ್ಳುತ್ತೇನೆ. ಉಳಿದಿರಬಹುದಾದ ಎಂಡೊಮೆಟ್ರಿಯೋಸಿಸ್ ಕೆರಳದಿರಲಿ ಎಂದು ನನಗೆ ಪ್ರೊಜೆಸ್ಟರಾನ್ ಕೂಡ ಕೊಟ್ಟಿದ್ದಾರೆ. ಗರ್ಭಕೋಶ ಇಲ್ಲದವರಿಗೆ ಈಸ್ಟ್ರೋಜನ್ ಒಂದೇ ಸಾಕು ಎಂಬ ಮಾತಿಗೆ ಇದೊಂದು ಅಪವಾದ, ಅದಕ್ಕಾಗಿ ಬರೆದೆ.

ಪಟ್ಟಿಯಿಂದ ನಿದ್ದೆ ಎರಡು ವಾರದಲ್ಲಿ ಸರಿಹೋಯಿತು, ತೂಕ ಒಂದು ಗ್ರಾಂ ಇಳಿಯಲಿಲ್ಲ. ತೂಕದ ಪ್ರಯತ್ನ ಬೇರೆಯೇ ಬೇಕಾಯಿತು. ವಾರಕ್ಕೆ ಐದು ದಿನ ಅರ್ಧ ಗಂಟೆ ನಡೆದೂ ನಾಲ್ಕು ತಿಂಗಳು ಏನೂ ಆಗದಿದ್ದಾಗ ಫಿಸಿಯೋಥೆರಪಿಯವರು ಭಾರ ಎತ್ತುವ ವ್ಯಾಯಾಮ ಸೇರಿಸಿದರು. ನನ್ನ ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ "ಹೊಟ್ಟೆ ಕೊಯ್ದವಳು ಭಾರ ಎತ್ತುತ್ತಾಳಂತೆ" ಎಂದು ಒಂದು ವಾರ ಮಾತು ಬಿಟ್ಟಿದ್ದರು.

—

ಬೆಣ್ಣೆದೋಸೆ

ಭಾರದ ವಿಷಯದಲ್ಲಿ ನನಗೂ ಅದೇ ಭಯ. ಎರಡು ಕಿಲೋ ತರಕಾರಿ ಚೀಲವನ್ನೂ ಮಗನ ಕೈಗೆ ಕೊಡುತ್ತೇನೆ. ಎತ್ತಬಹುದೇ?

—

ಹಳೇ ವಾರ್ಡು

ಎತ್ತಬಾರದು ಎನ್ನುವುದು ಸಾಮಾನ್ಯವಾಗಿ ಮೊದಲ ಆರು ವಾರಕ್ಕೆ ಹೇಳುವ ಮಾತು, ಹೊಟ್ಟೆ ಕೊಯ್ದವರಿಗೆ ಕೆಲವೊಮ್ಮೆ ಇನ್ನಷ್ಟು ದಿನ. ಆ ದಿನಗಳಲ್ಲಿ ಕೂಡ ನಡೆಯುವುದನ್ನು ಮರುದಿನದಿಂದಲೇ ಮಾಡಿಸುತ್ತಿದ್ದೆವು. ಬಿಡುಗಡೆಯ ಹೊತ್ತಿಗೆ "ಭಾರ ಎತ್ತಬೇಡಿ" ಎಂದು ನಾವು ಹೇಳಿ ಕಳಿಸುತ್ತಿದ್ದೆವು, ಎಂದಿನವರೆಗೆ ಎಂದು ಹೇಳಲು ಎಷ್ಟೋ ಸಲ ಮರೆಯುತ್ತಿದ್ದೆವು. ಹತ್ತು ವರ್ಷದ ಮೇಲೆ ಬಂದವರು ಕೂಡ "ನೀವು ಹೇಳಿದ್ದಿರಿ ಸಿಸ್ಟರ್, ಬಿಂದಿಗೆ ಮುಟ್ಟಿಲ್ಲ" ಎಂದು ಹೆಮ್ಮೆಯಿಂದ ಹೇಳಿದಾಗ ನನಗೆ ನಾಚಿಕೆಯಾದದ್ದುಂಟು.

ಹನ್ನೊಂದು ತಿಂಗಳಾದ ನಿಮಗೆ, ವೈದ್ಯರು ಗಾಯ ನೋಡಿ ಹರ್ನಿಯಾ ಇಲ್ಲ, ಯೋನಿಯ ಮೇಲ್ಭಾಗ ಜಾರಿಲ್ಲ ಎಂದು ಹೇಳಿದರೆ, ಹೀಗೆ ಶುರು ಮಾಡಿ. ಕೈಯಿಲ್ಲದ ಗಟ್ಟಿ ಕುರ್ಚಿಯೊಂದನ್ನು ಗೋಡೆಗೆ ತಾಗಿಸಿ ಇಡಿ. ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿ, ಎದ್ದು ನಿಂತು, ಮತ್ತೆ ನಿಧಾನವಾಗಿ ಕೂರಿ. ಧಪ್ಪೆಂದು ಕೂರಬಾರದು, ಇಳಿಯುವಾಗಲೇ ತೊಡೆ ಕೆಲಸ ಮಾಡುವುದು. ಏಳುವಾಗ ಉಸಿರು ಬಿಡಿ, ಕಟ್ಟಬೇಡಿ; ಉಸಿರು ಕಟ್ಟಿದರೆ ಒತ್ತಡವೆಲ್ಲ ಕೆಳಹೊಟ್ಟೆಗೆ ಹೋಗುತ್ತದೆ. ಹತ್ತು ಸಲ, ಸ್ವಲ್ಪ ವಿಶ್ರಾಂತಿ, ಮತ್ತೆ ಹತ್ತು. ಆಮೇಲೆ ಗೋಡೆಗೆ ಕೈಯೂರಿ ತಳ್ಳುವುದು. ಒಂದೊಂದು ಲೀಟರಿನ ನೀರಿನ ಬಾಟಲಿಗಳನ್ನು ಎರಡು ಕೈಯಲ್ಲಿ ಹಿಡಿದು ಎತ್ತುವುದು. ಮೂತ್ರ ತಡೆಹಿಡಿಯುವಂತೆ ಕೆಳಗಿನ ಸ್ನಾಯುಗಳನ್ನು ಬಿಗಿಹಿಡಿದು ಬಿಡುವುದನ್ನು ಬ್ಯಾಂಕಿನ ಕುರ್ಚಿಯಲ್ಲಿ ಕುಳಿತೇ ಮಾಡಬಹುದು, ಎದುರಿಗಿರುವ ಗ್ರಾಹಕರಿಗೆ ತಿಳಿಯುವುದಿಲ್ಲ. ಮಲಗಿ ತಲೆಯೆತ್ತುವ ಹೊಟ್ಟೆಯ ವ್ಯಾಯಾಮದಿಂದ ಹೊಟ್ಟೆ ಕರಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಒಂದೇ ಜಾಗದ ಕೊಬ್ಬನ್ನು ಆರಿಸಿ ಕರಗಿಸಲು ಬರುವುದಿಲ್ಲ, ಹೊಲಿಗೆಯ ಜಾಗಕ್ಕೆ ಎಳೆತ ಮಾತ್ರ ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆ, ಜೊತೆಗೆ ಎರಡು ದಿನ ಇಂಥ ಸ್ನಾಯು ವ್ಯಾಯಾಮ.

ತೂಕದ ಯಂತ್ರವನ್ನು ದಿನಾ ಹತ್ತಬೇಡಿ. ವಾರಕ್ಕೊಮ್ಮೆ ಟೇಪಿನಿಂದ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟಾಗ ಅಳೆಯಿರಿ. ಭಾರತೀಯ ಹೆಂಗಸರಿಗೆ 80 ಸೆಂಟಿಮೀಟರ್ ಗಡಿ. ಅಲ್ಲಿಗೆ ತಲುಪದಿದ್ದರೂ ಇಳಿಯುತ್ತಿರುವುದೇ ಮುಖ್ಯ.

—

ತೊಗರಿನಾಡು (ಕಲಬುರಗಿ)

ಆರೋಗ್ಯ ಕಾರ್ಯಕರ್ತೆಯಾಗಿ ಒಂದು ಮಾತು ಸೇರಿಸುತ್ತೇನೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಮೂರಕ್ಕಿಂತ ಹೆಚ್ಚು ಜನರಿಗೆ ಗರ್ಭಕೋಶವಿಲ್ಲ. 2019ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಸರ್ಕಾರದ ಸಮಿತಿ ವಿಚಾರಿಸಿದಾಗ 82,309 ಕಬ್ಬು ಕಡಿಯುವ ಹೆಂಗಸರಲ್ಲಿ 13,861 ಜನರಿಗೆ ಈ ಆಪರೇಷನ್ ಆಗಿತ್ತು. ಅವರಲ್ಲಿ ಕೆಲವರು ಕಬ್ಬಿನ ಹಂಗಾಮಿಗೆ ನಮ್ಮ ಕಡೆಯ ಕಾರ್ಖಾನೆಗಳಿಗೂ ಬರುತ್ತಾರೆ. ಅನಗತ್ಯ ಆಪರೇಷನ್ ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು 2023ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ನಾನು ಮನೆಮನೆಗೆ ಹೋದಾಗ ಮೂವತ್ತೈದರ ಹೆಂಗಸರು ಹೇಳುವ ದೂರು ಮೈ ಬಂತು ಎಂಬುದಕ್ಕಿಂತ ಮೂಳೆ ನೋವು, ಮೈ ಉರಿ. ಅವರಲ್ಲಿ ಡಿಸ್ಚಾರ್ಜ್ ಪತ್ರ ಇರುವವರೇ ಕಡಿಮೆ. ಇದನ್ನು ಓದುತ್ತಿರುವವರು ನಿಮ್ಮ ಮನೆಗೆಲಸಕ್ಕೆ ಬರುವವರನ್ನೂ ಒಮ್ಮೆ ಕೇಳಿ ನೋಡಿ.

—

ಬೆಣ್ಣೆದೋಸೆ (ಆರು ತಿಂಗಳ ನಂತರ)

ಉತ್ತರಿಸಿದವರಿಗೆಲ್ಲ ಲೆಕ್ಕ ಒಪ್ಪಿಸಬೇಕೆಂದು ಬಂದಿದ್ದೇನೆ. ತಪಾಸಣೆಯಲ್ಲಿ ಟಿಎಸ್‌ಎಚ್ 9 ಬಂದಿತ್ತು, ಎಂದರೆ ಥೈರಾಯ್ಡ್ ಕೆಲಸ ನಿಧಾನವಾಗಿತ್ತು. ಬರೀ ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ ತೆಗೆದುಕೊಂಡು ಮುಕ್ಕಾಲು ಗಂಟೆ ಕಾಫಿಗೆ ಕಾಯುವುದು ನನಗೆ ಈ ಎಲ್ಲದರಲ್ಲಿ ಅತಿ ಕಷ್ಟದ ಕೆಲಸ. ಮೂಳೆ ಸಾಂದ್ರತೆ ಬೆನ್ನಿನಲ್ಲಿ ಸ್ವಲ್ಪ ಕಡಿಮೆಯಿದೆ. ಬೇರೊಬ್ಬ ವೈದ್ಯೆ ನನ್ನ ಕಡತವನ್ನೆಲ್ಲ ಓದಿ, ಸ್ತನ ಪರೀಕ್ಷೆ ಮಾಡಿಸಿ, ಈಸ್ಟ್ರೋಜನ್ ಜೆಲ್ ಬರೆದುಕೊಟ್ಟರು. ಮೂರನೆಯ ವಾರಕ್ಕೆ ರಾತ್ರಿಯ ಬೆಂಕಿ ಆರಿತು. ಲೆಕ್ಕದ ಪುಸ್ತಕದವರು ಕೇಳಿದ್ದರು: ಹೌದು, ಎರಡು ಗಂಟೆಗೆ ಎದ್ದಾಗ ಹಾರ್ಲಿಕ್ಸ್ ಕುಡಿಯುತ್ತಿದ್ದೆ, ಎರಡು ಬಿಸ್ಕತ್ತಿನ ಜೊತೆ. ಈಗ ಏಳುವುದೇ ಇಲ್ಲವಾದ್ದರಿಂದ ಅದೂ ಇಲ್ಲ.

ತೂಕ 69.5ರಿಂದ 66ಕ್ಕೆ ಬಂದಿದೆ, ಎರಡು ತಿಂಗಳಿಂದ ಅಲ್ಲಿಯೇ ನಿಂತಿದೆ. ಸೊಂಟ 95ರಿಂದ 88. ಕುರ್ಚಿಯಿಂದ ಏಳುವುದು ಮೊದಲ ದಿನ ಆರು ಸಲಕ್ಕೇ ಸಾಕಾಗಿತ್ತು, ಈಗ ಹದಿನೈದರಂತೆ ಮೂರು ಸುತ್ತು. ಲಾಡಿ ಒಂದೂವರೆ ಸುತ್ತು ಬರುತ್ತದೆ.

ಇನ್ನೊಂದು ಸುದ್ದಿ. ನನ್ನ ನಾದಿನಿಗೆ 39 ವರ್ಷ, ಅವಳಿಗೂ ಗಡ್ಡೆ. ಕಳೆದ ವಾರ ಅವಳ ಜೊತೆ ನಾನೇ ಹೋಗಿದ್ದೆ. ಗಡ್ಡೆಯನ್ನಷ್ಟೇ ತೆಗೆಯಲು ಬರುವುದಿಲ್ಲವೇ ಎಂದು ಮೊದಲು ಕೇಳಿದೆವು. ಬಹಳ ಇವೆ, ಆಗದು ಎಂದು ಸ್ಕ್ಯಾನ್ ತೋರಿಸಿ ವಿವರಿಸಿದರು. ಅಂಡಾಶಯ ಚೆನ್ನಾಗಿದ್ದರೆ ಉಳಿಸುತ್ತೀರಾ ಎಂದು ಕೇಳಿದಾಗ ಉಳಿಸುತ್ತೇವೆ ಎಂದರು, ಒಪ್ಪಿಗೆ ಪತ್ರದಲ್ಲಿ ಹಾಗೆಯೇ ಬರೆಸಿ ಅವಳೇ ಓದಿ ಸಹಿ ಹಾಕಿದಳು. ಮುಂದಿನ ತಿಂಗಳು ಆಪರೇಷನ್. ಅತ್ತೆಯವರು ಆಗಲೇ ಅಂಟು ಎರಡು ಕಿಲೋ ತರಲು ಚೀಟಿ ಬರೆದಿದ್ದರು; ನಾನು ಅದನ್ನು ಕಾಲು ಕಿಲೋ ಎಂದು ತಿದ್ದಿದ್ದೇನೆ, ಅವರಿಗೆ ಇನ್ನೂ ಹೇಳಿಲ್ಲ.